ಶಾಲ್ಡರ್ ಇಪ್ಪತ್ತೆರಡು

“ಹಕ್ಕಿ ಎಣಿಸೋದಕ್ಕೆ ಇವನಾ? ಅಯ್ಯೋ ಮೇಡಂ, ಶಾಲೆಯಲ್ಲಿ ಇವನು ಎಣಿಸ್ತಿದ್ದದ್ದು ಒಂದೇ, ಗಂಟೆ ಹೊಡೆಯೋಕೆ ಇನ್ನೆಷ್ಟು ನಿಮಿಷ ಇದೆ ಅಂತ.”

ಪಾಟಿಂಜರ್ ಮೇಷ್ಟ್ರು ಈ ಮಾತು ಹೇಳಿದ್ದು ಭಾನುವಾರದ ಚಹಾ ಕೂಟದಲ್ಲಿ, ನಮ್ಮ ಹ್ಯಾಮರ್‌ವೋ ಊರಿನ ಸಭಾಂಗಣದಲ್ಲಿ, ಊರಿಗೆ ಊರೇ ಬಾಯಿ ತುಂಬ ಬ್ಯಾನಕ್ ರೊಟ್ಟಿ ತುರುಕಿಕೊಂಡಿದ್ದ ಹೊತ್ತಿನಲ್ಲಿ. ನಗಬೇಕಾದರೆ ಮೊದಲು ನುಂಗಬೇಕಲ್ಲ, ಹಾಗಾಗಿ ನಗು ಎರಡು ಕ್ಷಣ ತಡವಾಗಿ ಬಂತು. ತಡವಾದರೂ ಬಡ್ಡಿ ಸಮೇತ ಬಂತು. ಹಿಂದಿನ ಬೆಂಚಿನಲ್ಲಿದ್ದ ಗಿಬ್ಬಿಯ ಮೂಗಿನಿಂದ ಸೂಪು ಹೊರಬಂತು. ಗಿಬ್ಬಿ ನನ್ನ ಗೆಳೆಯ. ನನಗೆ ಹೆಚ್ಚು ಉರಿದದ್ದು ಅದೇ.

ಎತ್ತಿದ್ದ ಕೈಯನ್ನು ನಾನು ಇಳಿಸಲಿಲ್ಲ. ಕಿವಿ ಕೆಂಪಾಗಿತ್ತು, ಅದನ್ನು ಮುಚ್ಚಿಕೊಳ್ಳಲು ಇನ್ನೊಂದು ಕೈ ಬೇಕಿತ್ತು, ಅದರಲ್ಲಿ ಸೂಪಿನ ಬಟ್ಟಲಿತ್ತು.

ನನ್ನ ಹೆಸರು ಎರ್ಟಿ ಹಾಲ್‌ಕ್ರೋ. ಇಪ್ಪತ್ತೊಂದು ವರ್ಷ. ಹದಿನಾರು ತುಂಬಿದ ಮರುದಿನವೇ ಶಾಲೆಯ ಚೀಲವನ್ನು ಶಾಲೆಯ ಗೇಟಿಗೇ ನೇತುಹಾಕಿ ಬಂದವನು. ಆ ಚೀಲದಲ್ಲಿ ಆ ಬೇಸಿಗೆ ಗುಬ್ಬಿ ಗೂಡು ಕಟ್ಟಿತಂತೆ. ಅಷ್ಟರಮಟ್ಟಿಗೆ ನನ್ನ ವಿದ್ಯಾಭ್ಯಾಸ ಯಾರಿಗೋ ಉಪಯೋಗಕ್ಕೆ ಬಂತು. ಊರಲ್ಲಿ ಇನ್ನೊಬ್ಬ ಎರ್ಟಿ ಇರುವುದರಿಂದ ಅವನು ಕುಳ್ಳ ಎರ್ಟಿ, ನಾನು ಸಿಟ್ಟಿನ ಎರ್ಟಿ. ಎರಡರಲ್ಲಿ ಯಾವುದು ಬೇಕು ಅಂತ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಸಿಟ್ಟು ಬರುತ್ತಿತ್ತು.

ನಾನು ಕೈ ಎತ್ತಿದ್ದಕ್ಕೆ ಕಾರಣ ಇತ್ತು. ಅವತ್ತು ದಕ್ಷಿಣದಿಂದ ಎಲ್ಸ್ಪೆತ್ ಮಿಲ್ನ್ ಅನ್ನುವ ಹೆಂಗಸು ಬಂದಿದ್ದಳು, ದಡದ ಹಕ್ಕಿಗಳನ್ನು ನೋಡಿಕೊಳ್ಳುವ ಸಂಸ್ಥೆಯೊಂದರ ಕಡೆಯಿಂದ. ನಮ್ಮ ಬೆಣಚುಕಲ್ಲಿನ ದಂಡೆಗೆ ಒಬ್ಬ ಕಾವಲಿನವನು ಬೇಕು, ವರ್ಷವಿಡೀ ಕೆಲಸ. ತಿಂಗಳಿಗೊಮ್ಮೆ ಹಕ್ಕಿ ಎಣಿಸಿ ಬರೆದು ಕಳಿಸಬೇಕು, ಮರಿ ಮಾಡುವ ಕಾಲದಲ್ಲಿ ನಾಯಿ, ಗಾಡಿ, ಪ್ರವಾಸಿ ಈ ಮೂರನ್ನೂ ಅಟ್ಟಬೇಕು. ಅಟ್ಟುವುದರಲ್ಲಿ ನನಗಿಂತ ಯೋಗ್ಯ ಯಾರಿದ್ದಾನೆ? ಅದಲ್ಲದೆ, ನಾನು ಗಿಬ್ಬಿ ಇಬ್ಬರೂ ದುಡಿಯುತ್ತಿದ್ದ ತೆಪ್ಪ, ಹಗ್ಗಕ್ಕೆ ಕಟ್ಟಿ ಚಿಪ್ಪು ಬೆಳೆಸುವ ತೆಪ್ಪ, ತಿಂಗಳ ಕೊನೆಗೆ ಮುಚ್ಚುವುದಿತ್ತು. ಆಮೇಲೆ ನನಗೆ ಉಳಿದಿದ್ದು ಪಟ್ಟಣದ ಮೀನು ಕತ್ತರಿಸುವ ಶೆಡ್ಡು. ಅದಕ್ಕೆ ಕಿಟಕಿ ಇಲ್ಲ. ನಾನು ಹೋಗಿ ನೋಡಿಬಂದಿದ್ದೆ. ನಮ್ಮ ಶೆಟ್ಲೆಂಡ್ ದ್ವೀಪಗಳಲ್ಲಿ ಸಮುದ್ರ ಕಾಣದ ಒಂದು ಜಾಗ ಹುಡುಕಬೇಕೆಂದರೆ ಕಷ್ಟಪಟ್ಟೇ ಹುಡುಕಬೇಕು, ಅವರು ಹುಡುಕಿದ್ದರು. ಅಲ್ಲಿ ನಿಂತು ಸಾಯುವತನಕ ಮೀನಿನ ತಲೆ ಕತ್ತರಿಸುವುದು, ಇಲ್ಲವೇ ಈ ದಂಡೆ. ಇಷ್ಟೇ ಇದ್ದದ್ದು.

ಎಲ್ಸ್ಪೆತ್ ನಗಲಿಲ್ಲ. ಅವಳ ಕೈಯಲ್ಲಿ ಚಹಾ ಕೂಡ ಇರಲಿಲ್ಲ. “ಹಕ್ಕಿ ಗೊತ್ತಾ ನಿಮಗೆ?” ಅಂದಳು.

“ಶಾಲ್ಡರ್,” ಅಂದೆ. “ಸ್ಯಾಂಡಿಲೂ. ಕಲ್ಕುಟುಕ. ನಿದ್ದೆಬುರುಕ. ಇಳಿತದ ಹುಂಜ. ವಾಪ್. ಹಿಂದಿನ ಜೌಗಿಗೆ ಬಂದ್ರೆ ಕುದುರೆಕೋಗಿಲೆ.”

ಮೇಷ್ಟ್ರು ಕರುಣೆಯಿಂದ ತಲೆ ಆಡಿಸಿದರು. ಈ ಮನುಷ್ಯ ಸಿಟ್ಟಾದರೆ ತಡೆದುಕೊಳ್ಳಬಹುದು, ಕರುಣೆ ತೋರಿಸಿದರೆ ಆಗುವುದಿಲ್ಲ. “ಇವೆಲ್ಲ ಹೆಸರಲ್ಲ ಮೇಡಂ, ಅಡ್ಡಹೆಸರು. ಆ ಮೊದಲನೇದಕ್ಕೆ ಆಯ್‌ಸ್ಟರ್‌ಕ್ಯಾಚರ್ ಅಂತ ಇವನ ಕೈಲಿ ನೂರು ಸಲ ಬರೆಸಿದ್ದೀನಿ. ನೂರು ಸಲ!”

“ನೂರಾ ಒಂದನೇ ಸಲ ಕೇಳ್ತೀನಿ ಮೇಷ್ಟ್ರೇ,” ಅಂದೆ. “ಆಯ್‌ಸ್ಟರ್, ಅಂದ್ರೆ ಸಿಂಪಿ, ಹಿಡಿಯೋ ಹಕ್ಕಿ ಅಂತೀರಲ್ಲ, ನಮ್ಮ ಕೊಲ್ಲಿಯಲ್ಲಿ ಒಂದಾದ್ರೂ ಆಯ್‌ಸ್ಟರ್ ಇದೆಯಾ? ಅದು ಬಂಡೆ ಮೇಲಿನ ಚಿಪ್ಪು ಕೀಳುತ್ತೆ, ನಿಮ್ಮ ಹಿತ್ತಲಲ್ಲಿ ಹುಳ ತಿನ್ನುತ್ತೆ. ಇಲ್ಲದ್ದನ್ನ ಹಿಡಿಯುತ್ತೆ ಅಂತ ಬರೆಸಿ ನೂರು ಸಲ ಸುಳ್ಳು ಹೇಳಿಸಿದ್ದು ನೀವು.”

ಈಗ ನಗು ನನ್ನ ಕಡೆ ಬಂತು. ಗಿಬ್ಬಿ ಮತ್ತೆ ಸೂಪಿನಲ್ಲಿ ಮುಳುಗಿ ಎದ್ದ. ನಿಷ್ಪಕ್ಷಪಾತಿ ನನ್ಮಗ.

ಎಲ್ಸ್ಪೆತ್ ಕೂಡ ನಕ್ಕಳು. “ನನ್ನಜ್ಜಿ ಮಿಯರ್ನ್ಸ್ ಕಡೆಯ ಹೊಲದವಳು. ಟಿಟ್ಟಿಭಕ್ಕೆ ಅವಳು ಟ್ಯೂಖಿಟ್ ಅಂತಿದ್ದಳು. ಮಾರ್ಚಿನಲ್ಲಿ ಬರೋ ಬಿರುಗಾಳಿಗೂ ಟ್ಯೂಖಿಟ್ ಗಾಳಿ ಅಂತಲೇ ಹೆಸರು. ಅದು ಬಂದು ಹೋಗೋವರೆಗೂ ನಮ್ಮಜ್ಜ ಬಿತ್ತೋದಕ್ಕೆ ಕೈ ಹಾಕ್ತಿರಲಿಲ್ಲ.”

ಮೂಲೆಯಲ್ಲಿ ಹೆಣಿಗೆ ಹಿಡಿದು ಕೂತಿದ್ದ ನಮ್ಮ ಓಸ್ಲಾ ಅಜ್ಜಿ ತಲೆ ಎತ್ತದೆ, “ಟ್ಯೂಖಿಟ್ಟಾ? ಸೀನು ಬಂದಂಗೈತೆ,” ಅಂದಳು. “ನಾವು ಪೀಸ್ವೀಪ್ ಅಂತೀವಿ ತಾಯಿ. ಅದು ಕೂಗೋದೇ ಹಂಗೆ. ಕೇಳಿ ನೋಡು, ಅದೇ ಹೇಳ್ತದೆ.”

ಕೊನೆಗೆ ತೀರ್ಮಾನ ಇದಾಯಿತು. ಕೆಲಸ ಬೇಕು ಅಂದವರು ಇಬ್ಬರೇ, ನಾನು ಮತ್ತು ಶಾಲೆಯಿಂದ ನಿವೃತ್ತರಾಗಿದ್ದ ಮೇಷ್ಟ್ರು. ಶನಿವಾರ ಬೆಳಿಗ್ಗೆ ಉಬ್ಬರದ ಹೊತ್ತಿಗೆ ಇಬ್ಬರೂ ಅದೇ ದಂಡೆ, ಅದೇ ಒಂದು ತಾಸು. ಆರು ಜಾತಿ ಹಕ್ಕಿ. ಬರೆದು ಕೊಡುವುದು. ಭಾನುವಾರ ಇದೇ ಸಭಾಂಗಣದಲ್ಲಿ ಫಲಿತಾಂಶ.

“ಹೆಸರು ಯಾವುದು ಬೇಕಾದ್ರೂ ಬರೀರಿ, ನನಗೆ ಅರ್ಥ ಆಗುತ್ತೆ,” ಅಂದಳು ಎಲ್ಸ್ಪೆತ್. ಆಮೇಲೆ ಚಹಾ ಮೇಜಿನ ಕಡೆ ತಿರುಗಿ, “ಕಪ್ಪು ಖಾಲಿ ಇದೆಯಾ?” ಅಂತ ಕೇಳಿದಳು.

“ತೊಳೀತಾ ಇದ್ದೀನಿ ಕಣಮ್ಮ, ಒಂದ್ನಿಮಿಷ,” ಅಂದಳು ಲೀಬಿ. ಮೂವತ್ತು ವರ್ಷದಿಂದ ಚಹಾ ಮೇಜು ಅವಳದೇ. ನಮ್ಮೂರ ಕೂಟದಲ್ಲಿ ಯಾವಾಗಲೂ ಒಬ್ಬರಿಗೆ ಕಪ್ಪು ಇರುವುದಿಲ್ಲ. ಕಪಾಟಿನಲ್ಲಿ ಬೇಕಾದಷ್ಟಿವೆ. ಆದರೆ ಲೀಬಿ ಬಾಗಿಲಲ್ಲಿ ನಿಂತು ಒಂದು ಸಲ ಜನರ ಮೇಲೆ ಕಣ್ಣು ಹಾಯಿಸುತ್ತಾಳೆ, ಬೆರಳು ಮಾಡುವುದಿಲ್ಲ, ತುಟಿ ಅಲ್ಲಾಡಿಸುವುದಿಲ್ಲ, ಮತ್ತು ಒಂದು ಕಡಿಮೆ ಜೋಡಿಸುತ್ತಾಳೆ. ಕಪ್ಪು ಸಿಗದವರು ಸುಮ್ಮನೆ ಕಾಯುತ್ತಾರೆ. ಹೊರಗಿನವರು ಮಾತ್ರ ಕೇಳುತ್ತಾರೆ.

ಮನೆಗೆ ಹೋಗುವ ದಾರಿಯಲ್ಲಿ ಅಜ್ಜಿ ಮಾತಾಡಲಿಲ್ಲ. ಗಾಳಿ ಎದುರಿಂದ ಬೀಸುತ್ತಿತ್ತು, ಅದು ಕಾರಣ ಅಂದುಕೊಂಡೆ. ಒಲೆಯ ಮುಂದೆ ಕೂತ ಮೇಲೂ ಮಾತಾಡಲಿಲ್ಲ. ಹೆಣಿಗೆ ಕಡ್ಡಿಗಳು ಮಾತ್ರ ಚಿಕಿಚಿಕಿ ಅನ್ನುತ್ತಿದ್ದವು. ಎಂಬತ್ತನಾಲ್ಕು ವರ್ಷದ ಕೈ, ಕಣ್ಣಿನ ಸಹಾಯ ಬೇಡ ಅದಕ್ಕೆ.

“ಏನಜ್ಜಿ, ಬಾಯಲ್ಲಿ ನೂಲು ಇಟ್ಕೊಂಡಿದ್ದೀಯಾ?”

ಕಡ್ಡಿ ನಿಂತವು. “ಎಣ್ಸೋ ಕೆಲ್ಸಾನೇ ಬೇಕಾಗಿತ್ತೇನ್ಲಾ ನಿಂಗೆ?”

“ಶೆಡ್ಡಿಗೆ ಹೋಗ್ಲಾ ಹಂಗಾದ್ರೆ?”

“ಶೆಡ್ಡಿಗೆ ಹೋಗು ಅಂದ್ನಾ ನಾನು? ಸಿಡಿಮಿಡಿ ಅನ್ಬೇಡ.” ಅವಳು ಕಿಟಕಿಯ ಕಡೆ ನೋಡಿದಳು. “ಆರು ಜನ ದೋಣಿ ಹತ್ತಿ ಹೊಂಟಿದ್ರು ಅವತ್ತು. ನಮ್ಮಣ್ಣ ರಾಸ್ಮಿ ಸೇರಿ. ಮೀನು ಕೊಳ್ಳೋಕೆ ಬಂದಿದ್ದ ಯಾವನೋ ದೊಡ್ಡ ಟೋಪಿಯವ್ನು ಕಟ್ಟೆ ಮೇಲೆ ನಿಂತು, ಬೆರಳು ಮಾಡಿ, ಒಂದು ಎರಡು ಮೂರು ನಾಕು ಐದು ಆರು, ಸರಿಯಾಗಿ ಆರು ಜನ ಅಂದ. ಜೋರಾಗಿ ಅಂದ. ನಂಗಾಗ ಒಂಬತ್ತು ವರ್ಸ. ನಮ್ಮವ್ವ ಓಡಿಬಂದು ಅವನ ಬಾಯಿ ಮುಚ್ಚಿದ್ಲು. ಮುಚ್ಚಿದ್ರೇನು ಬಂತು, ಆಗ್ಲೇ ಎಣ್ಸಿ ಮುಗ್ಸಿದ್ದ.”

ವಾಪಸ್ಸು ಬಂದವರು ಐದು ಜನ, ರಾಸ್ಮಿ ಬರಲಿಲ್ಲ. ಈ ಕಥೆ ನನಗೆ ಗೊತ್ತು, ಊರಿಗೆಲ್ಲ ಗೊತ್ತು. ಊರಿನ ಪ್ರತಿ ಮನೆಯಲ್ಲೂ ಇಂಥದ್ದೇ ಒಂದಿದೆ. ಅದಕ್ಕೇ ನಮ್ಮಲ್ಲಿ ಉಸಿರಾಡುವ ಯಾವುದನ್ನೂ ಪೂರ್ತಿ ಎಣಿಸುವುದಿಲ್ಲ. ಕುರಿ ಆಗಲಿ, ಮಕ್ಕಳಾಗಲಿ, ದೋಣಿ ಹತ್ತಿದ ಜನ ಆಗಲಿ, ಒಂದನ್ನು ಬಿಟ್ಟು ಹೇಳುತ್ತೇವೆ. ಬಿಟ್ಟದ್ದು ಯಾವುದು, ಯಾಕೆ ಅಂತ ಯಾರಿಗೂ ಹೇಳುವುದಿಲ್ಲ.

“ಎಣ್ಸಿ ಮುಗ್ಸಿದ್ದು ಮುಗ್ದೇ ಹೋಗ್ತದೆ ಕಣ್ಲಾ,” ಅಂದಳು ಅಜ್ಜಿ. “ಒಂದು ಬಿಟ್ರೆ ಇನ್ನೂ ಲೆಕ್ಕ ನಡೀತಾ ಐತೆ ಅಂತ. ನಡೀತಾ ಇರೋದನ್ನ ಸಮುದ್ರ ಮುಟ್ಟಾಕಿಲ್ಲ. ಯಾಕೆ ಬಿಟ್ಟೆ ಅಂತ ಬಾಯಿ ಬಿಟ್ಟೆಯೋ, ಬಿಟ್ಟಿದ್ದೂ ಲೆಕ್ಕಕ್ಕೆ ಬಂದಂಗೇ.”

“ಅದು ಮನುಷ್ಯರಿಗೆ ಅಜ್ಜಿ. ಹಕ್ಕಿಗೂ ಇದೆಯಾ?”

“ಹಕ್ಕಿ ಏನು ಗೋಡೆಗೆ ಹೊಡ್ದ ಮೊಳೆಯಾ?” ಕಡ್ಡಿ ಮತ್ತೆ ಶುರುವಾದವು. “ಕೆಲ್ಸ ಬೇಕು ನಿಂಗೆ. ನಂಗೊತ್ತು. ಎಣ್ಸು, ಬ್ಯಾಡ ಅನ್ನಾಕಿಲ್ಲ. ಮುಗಿಸ್ಬೇಡ ಅಷ್ಟೇ.”

ನಂಬಿಕೆ ಗಿಂಬಿಕೆ ನನಗಿಲ್ಲ. ತೆಪ್ಪದ ಮೇಲೆ ಶುಕ್ರವಾರ ಗಿಬ್ಬಿಗೆ ಹಾಗೇ ಹೇಳಿದೆ. ಈ ಸಲ ಪೂರ್ತಿ ಎಣಿಸುತ್ತೇನೆ, ಕೊನೆಯ ಬಾಲದವರೆಗೂ.

“ಎಣ್ಸು ಎಣ್ಸು,” ಅಂದ ಗಿಬ್ಬಿ, ಹಗ್ಗ ಎಳೆಯುತ್ತ. “ಮೇಷ್ಟ್ರ ದುರ್ಬೀನು ನೋಡಿದ್ಯಾ? ಮೂರು ಕಾಲಿನದು. ನಮ್ಮ ತೆಪ್ಪಕ್ಕಿಂತ ದುಬಾರಿ. ಅದರಲ್ಲಿ ನೋಡಿದ್ರೆ ನಾರ್ವೆಯಲ್ಲಿ ಯಾರ ಮನೇಲಿ ಏನಡುಗೆ ಅಂತ ಕಾಣ್ತದಂತೆ.”

“ನಾರ್ವೆ ಕಾಣುತ್ತೆ, ಕಾಲ ಬುಡದ್ದು ಕಾಣಲ್ಲ.”

“ಅಂದಂಗೆ, ನಮ್ಮ ಮನೆಗೆ ಈ ವರ್ಷ ಎಷ್ಟು ಕುರಿಮರಿ ಬಂದ್ವು ಗೊತ್ತಾ?”

“ಎಷ್ಟು?”

“ಹತ್ತೊಂಬತ್ತು,” ಅಂದು ಗಿಬ್ಬಿ ಕಣ್ಣು ಮಿಟುಕಿಸಿದ. ನಾನೇ ಅವಕ್ಕೆ ಕಿವಿ ಗುರುತು ಹಾಕಿದವನು. ಎಷ್ಟು ಅಂತ ನನಗೆ ಗೊತ್ತಿತ್ತು. ಹತ್ತೊಂಬತ್ತು ಅಂತೂ ಅಲ್ಲ.

ಶನಿವಾರ ಗಾಳಿ ವಾಯವ್ಯದಿಂದ ಬೀಸುತ್ತಿತ್ತು, ಮಳೆ ಅಡ್ಡಡ್ಡ ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು. ಅಕ್ಟೋಬರಿನ ಒಳ್ಳೆಯ ದಿನ. ಮೇಷ್ಟ್ರು ನನಗಿಂತ ಮೊದಲೇ ಬಂದು, ಗಾಳಿ ತಾಗದ ಕಡೆಯ ಬೆಂಚಿನ ಮುಂದೆ ದುರ್ಬೀನಿನ ಮೂರು ಕಾಲು ಊರಿ, ಫ್ಲಾಸ್ಕು ತೆರೆದು, ಮೊಣಕಾಲಿನ ಮೇಲೆ ಕಂಬಳಿ ಹೊದ್ದು ಕೂತಿದ್ದರು. ರಾಜನ ದರ್ಬಾರು. ಹಕ್ಕಿಗಳು ಬಂದು ಕೈಮುಗಿದು ಹೆಸರು ಹೇಳಿ ಹೋಗುತ್ತವೆ ಅನ್ನುವ ಹಾಗೆ.

“ಎರ್ಟಿ, ಪೆನ್ಸಿಲ್ ಇದೆಯೇನಪ್ಪ? ಇಲ್ಲದಿದ್ದರೆ ನನ್ನ ಹತ್ತಿರ ಇನ್ನೊಂದಿದೆ. ಹಿಡಿಯೋದು ಮರೆತಿಲ್ಲ ತಾನೆ?”

ಹಲ್ಲು ಕಚ್ಚಿಕೊಂಡು ಮುಂದೆ ಹೋದೆ. ಎಲ್ಸ್ಪೆತ್ ಕಾಣಿಸಲಿಲ್ಲ. ಅವಳ ಕಾರು ಗುಡ್ಡದ ತುದಿಯಲ್ಲಿ ನಿಂತಿತ್ತು, ಮಳೆಗೆ ಒಳಗೇ ಕೂತಿದ್ದಾಳೆ ಅಂದುಕೊಂಡೆ.

ನಾನು ಗಾಳಿಯ ಕಡೆಯಿಂದ ಹೋಗಿ ಹೊಟ್ಟೆಯ ಮೇಲೆ ಮಲಗಿದೆ. ಹಕ್ಕಿ ನೋಡುವ ವಿದ್ಯೆಯೆಲ್ಲ ಅಜ್ಜಿ ಕೊಟ್ಟ ಹೆಸರುಗಳಲ್ಲೇ ಇದೆ, ಬೇರೆ ಪುಸ್ತಕ ಬೇಕಿಲ್ಲ. ಶಾಲ್ಡರ್ ಅಂದರೆ ಗದ್ದಲ. ಕರಿ ಕೋಟು, ಬಿಳಿ ಅಂಗಿ, ಕೆಂಪು ಮೂಗು, ಮದುವೆಯಲ್ಲಿ ಕುಡಿದ ಮಾವನ ಹಾಗೆ ಎಲ್ಲರ ಮೇಲೂ ಕೂಗಾಡುತ್ತ ನಡುಬಂಡೆಯ ಮೇಲೇ ನಿಲ್ಲುತ್ತವೆ. ಅವನ್ನು ಎಣಿಸುವುದು ಸುಲಭ. ಸ್ಯಾಂಡಿಲೂ ಮರಳಿನವು, ದುಂಡಗೆ ಗಿಡ್ಡಗೆ, ಕೊರಳಿಗೆ ಕರಿ ಪಟ್ಟಿ. ನಾಲ್ಕು ಹೆಜ್ಜೆ ಓಡಿ ಏನೋ ಮರೆತವರ ಹಾಗೆ ಥಟ್ಟನೆ ನಿಲ್ಲುತ್ತವೆ. ನಿಂತಾಗ ಎಣಿಸಬೇಕು, ಓಡುವಾಗಲ್ಲ. ಕಲ್ಕುಟುಕಗಳು ಕಣ್ಣಿಗೆ ಬೀಳುವುದಿಲ್ಲ, ಕಡಲ ಪಾಚಿಯ ಬಣ್ಣವೇ ಅವುಗಳದ್ದು. ಆದರೆ ಸುಮ್ಮನಿರುವ ಜಾಯಮಾನ ಅಲ್ಲ. ಕಣ್ಣು ಮುಚ್ಚಿದರೆ ಟಿಕ್ ಟಿಕ್ ಅಂತ ಕಲ್ಲು ಮಗುಚುವ ಸದ್ದು ಕೇಳುತ್ತದೆ. ಸದ್ದಿದ್ದಲ್ಲಿ ಕಣ್ಣು ಬಿಟ್ಟರೆ ಹಕ್ಕಿ. ಇಳಿತದ ಹುಂಜಗಳು ಕೆಂಪು ಕಾಲೆತ್ತಿ ಊರಿಗೆಲ್ಲ ನನ್ನ ಸುದ್ದಿ ಹೇಳುವ ಮೊದಲೇ ಅವನ್ನು ಮುಗಿಸಿಕೊಂಡೆ. ವಾಪ್‌ಗಳು ಹಿಂದಿನ ಹುಲ್ಲಿನಲ್ಲಿ, ಬಾಗಿದ ಉದ್ದ ಕೊಕ್ಕು ಬೆನ್ನಲ್ಲಿ ಹುದುಗಿಸಿಕೊಂಡು, ಚರ್ಚಿನಲ್ಲಿ ತೂಕಡಿಸುವ ಹಿರಿಯರ ಹಾಗೆ.

ಉಳಿದದ್ದು ನಿದ್ದೆಬುರುಕ. ಇಡೀ ದಂಡೆಯಲ್ಲಿ ಒಂದೂ ಕಾಣಿಸುತ್ತಿರಲಿಲ್ಲ. ಆದರೆ ಹೆಸರು ಸುಮ್ಮನೆ ಬಂದದ್ದಲ್ಲ. ಇಳಿತ ಬಂದು ಕೆಸರು ತೆರೆಯುವ ತನಕ ಅದು ನಿದ್ದೆ ಮಾಡಲೇಬೇಕು, ಅದೂ ಗಾಳಿಗೆ ಎದೆಕೊಟ್ಟು. ಗರಿ ಹಿಂದಿನಿಂದ ಕೆದರಿದರೆ ಅದಕ್ಕೆ ಚಳಿ. ಹಾಗಾದರೆ ಗಾಳಿಯ ಕಡೆ, ಅಲೆ ಎಸೆದ ಪಾಚಿಯ ರಾಶಿಯ ಮಗ್ಗುಲಲ್ಲಿ. ತೆವಳಿದೆ. ಅಂಗಿಯೊಳಗೆ ಸಮುದ್ರ ಬಂತು. ಇನ್ನೂ ತೆವಳಿದೆ. ಅಲ್ಲಿದ್ದವು ನೋಡಿ, ಪಾಚಿಯ ಸುರುಳಿಗಳ ಸಂದಿಯಲ್ಲಿ, ಒಂದೊಂದು ಮುಷ್ಟಿ ಗಾತ್ರ, ಸಾಲುಸಾಲು ನಿದ್ದೆ. ಒಂದು ಅರೆಗಣ್ಣು ತೆರೆದು ನನ್ನನ್ನು ನೋಡಿ, ಇವನೂ ಮಲಗಿದ್ದಾನೆ ಬಿಡು ಅಂತ ಮತ್ತೆ ಮುಚ್ಚಿತು.

ಆರು ಜಾತಿಯನ್ನೂ ಎರಡೆರಡು ಸಲ ಎಣಿಸಿದೆ. ಎರಡು ಸಲವೂ ಒಂದೇ ಬಂತು. ಇಷ್ಟು ಚೆನ್ನಾಗಿ ನಾನು ಜೀವನದಲ್ಲಿ ಏನನ್ನೂ ಮಾಡಿರಲಿಲ್ಲ. ಕಾಗದವನ್ನು ಕೋಟಿನೊಳಗೆ ಮರೆಮಾಡಿಕೊಂಡು ಬರೆದೆ. ಶಾಲ್ಡರ್, ಇಪ್ಪತ್ತ…

ಪೆನ್ಸಿಲ್ ನಿಂತಿತು. ಇಪ್ಪತ್ತಮೂರು ನನ್ನ ತಲೆಯಲ್ಲಿ ಸ್ಪಷ್ಟವಾಗಿತ್ತು. ಬಂಡೆಯ ತುದಿಯಲ್ಲಿ ಒಂಟಿ ಕಾಲಲ್ಲಿ ನಿಂತಿದ್ದ ಒಂದು ಶಾಲ್ಡರ್ ಗಾಳಿಗೆ ಸ್ವಲ್ಪ ವಾಲಿ ಮತ್ತೆ ನೆಟ್ಟಗಾಯಿತು. ಕೈ ಇಪ್ಪತ್ತೆರಡು ಅಂತ ಬರೆಯಿತು. ಆಮೇಲೆ ನಾನು ಕೈಯ ಜೊತೆ ಜಗಳ ಆಡಲಿಲ್ಲ. ಪ್ರತಿ ಸಾಲಿನಲ್ಲೂ ಒಂದು ಬಿಟ್ಟೆ. ಒಂದು ಹೆಚ್ಚು ಒಂದು ಕಡಿಮೆ, ಯಾರು ನೋಡುತ್ತಾರೆ? ಹಕ್ಕಿಗಳು ಸಾಕ್ಷಿ ಹೇಳುತ್ತವೆಯೇ?

ಗುಡ್ಡದ ಮೇಲಿನ ಕಾರಿನಲ್ಲಿ ಒಂದು ಕ್ಯಾಮೆರಾ ಇತ್ತು ಅಂತ ನನಗೇನು ಗೊತ್ತು.

ಭಾನುವಾರ ಸಭಾಂಗಣದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಪಕ್ಕದ ಊರಿನವರೂ ಬಂದಿದ್ದರು. ಹೊಗೆಗೆ ಕಟ್ಟಿದ ಉಪ್ಪು ಕುರಿಮಾಂಸದ ಸೂಪು ಎರಡು ಹಂಡೆ ಮುಗಿದು ಮೂರನೆಯದು ಒಲೆಯ ಮೇಲಿತ್ತು. ಎಲ್ಸ್ಪೆತ್ ಗೋಡೆಗೆ ದೊಡ್ಡ ಹಾಳೆಯೊಂದನ್ನು ಅಂಟಿಸಿದ್ದಳು, ಅದರಲ್ಲಿ ಮೂರು ಕಂಬ ಅಂಕಿ, ಅವಳದು, ಮೇಷ್ಟ್ರದು, ನನ್ನದು. ಹಕ್ಕಿಯ ಹೆಸರುಗಳನ್ನು ಎರಡೆರಡು ಥರ ಬರೆದಿದ್ದಳು, ಪುಸ್ತಕದ್ದು ಒಂದು, ನಮ್ಮದು ಒಂದು. ನಮ್ಮದನ್ನು ಮೇಲೆ ಬರೆದಿದ್ದಳು. ಅದನ್ನು ನಾನು ಗಮನಿಸಲಿಲ್ಲ ಅಂತ ಯಾರೂ ಹೇಳದಿರಲಿ.

“ಶನಿವಾರ ನಾನು ಗುಡ್ಡದ ಮೇಲಿಂದ ಚಿತ್ರ ತೆಗೆದೆ,” ಅಂದಳು. “ರಾತ್ರಿ ಕೂತು ಅದರಲ್ಲಿ ಒಂದೊಂದನ್ನೂ ಗುರುತು ಹಾಕಿ ಎಣಿಸಿದೆ. ಓದ್ತೀನಿ. ಶಾಲ್ಡರ್, ಇಪ್ಪತ್ತಮೂರು. ಸ್ಯಾಂಡಿಲೂ, ಮೂವತ್ತೊಂದು…”

ಸಭಾಂಗಣದಲ್ಲಿ ಏನಾಯಿತು ಅಂತ ಅವಳಿಗೆ ಕಾಣಿಸಲಿಲ್ಲ, ನನಗೆ ಕಾಣಿಸಿತು. ಪೂರ್ತಿ ಲೆಕ್ಕ, ಜೋರಾಗಿ, ಜನರ ಮುಂದೆ. ಎಲ್ಲರ ಕೈಯೂ ಒಮ್ಮೆಗೇ ಚಮಚಕ್ಕೆ ಹೋಯಿತು. ಕಬ್ಬಿಣ ಮುಟ್ಟಿಕೊಂಡರೆ ಸ್ವಲ್ಪ ದೋಷ ಕಡಿಮೆ. ಚಮಚ ಸಿಗದ ಲೀಬಿ ಹಂಡೆಯ ಕಿವಿ ಹಿಡಿದು ಕೈ ಸುಟ್ಟುಕೊಂಡಳು. ಗಿಬ್ಬಿ ಬೆಂಚಿನ ಮೊಳೆ ಹುಡುಕುತ್ತಿದ್ದ. ಪಾಟಿಂಜರ್ ಮೇಷ್ಟ್ರು ನೆಟ್ಟಗೆ ಕೂತು, ಗಲ್ಲ ಎತ್ತಿ, ವಿದ್ಯಾವಂತರ ಮುಖ ಮಾಡಿಕೊಂಡು ಕೇಳುತ್ತಿದ್ದರು. ಮೇಜಿನ ಕೆಳಗೆ ಅವರ ಎಡಗೈ ಚಮಚವನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಗೆಣ್ಣು ಬಿಳಿಚಿಕೊಂಡಿದ್ದವು.

“…ಕಲ್ಕುಟುಕ, ನಲವತ್ತೆಂಟು. ನಿದ್ದೆಬುರುಕ, ಅರವತ್ತನಾಲ್ಕು. ಇಳಿತದ ಹುಂಜ, ಹನ್ನೆರಡು. ವಾಪ್, ಒಂಬತ್ತು. ಇನ್ನು ಮೇಷ್ಟ್ರದ್ದು. ನಾಲ್ಕು ಸಾಲು ಪೂರ್ತಿ ಸರಿ. ಕಲ್ಕುಟುಕ ಮಾತ್ರ ನಲವತ್ತು. ನಿದ್ದೆಬುರುಕ…” ಅವಳು ಸ್ವಲ್ಪ ತಡೆದಳು. “ಐದು.”

“ಐದಾ!” ಅಂದ ಗಿಬ್ಬಿ. “ಅಷ್ಟು ದುಬಾರಿ ದುರ್ಬೀನಲ್ಲಿ ಐದಾ? ಮೇಷ್ಟ್ರೇ, ನಿಜವಾದ ನಿದ್ದೆಬುರುಕ ಬೆಂಚಿನ ಮೇಲಿತ್ತು ಅನ್ನಿ.”

ಚಾವಣಿ ಹಾರಿಹೋಗುವಂತೆ ನಕ್ಕರು. ಮೇಷ್ಟ್ರ ಮುಖ ಶಾಲ್ಡರಿನ ಕೊಕ್ಕಿನ ಬಣ್ಣಕ್ಕೆ ತಿರುಗಿತು. ನನಗೆ ಅವರ ಮೇಲೆ ಕರುಣೆ ಬಂತು ಅಂತ ಬರೆದರೆ ಅದು ಸುಳ್ಳು.

“ಆದರೆ ಅವನದು?” ಅಂತ ಮೇಷ್ಟ್ರು ಎದ್ದು ನಿಂತರು. “ಅವನದು ನೋಡಿ ಮೇಡಂ! ಇಪ್ಪತ್ತೆರಡು, ಮೂವತ್ತು, ನಲವತ್ತೇಳು, ಅರವತ್ತಮೂರು, ಹನ್ನೊಂದು, ಎಂಟು! ಆರರಲ್ಲಿ ಒಂದಾದರೂ ಸರಿ ಇದೆಯಾ? ಇಷ್ಟೂ ಎಣಿಸೋಕೆ ಬರದವನಿಗೆ…”

ಅಲ್ಲಿಗೆ ಅವರ ಮಾತು ನಿಂತುಹೋಯಿತು. ಯಾರೂ ತಡೆಯಲಿಲ್ಲ, ತಾನಾಗಿಯೇ ನಿಂತಿತು. ಅಂಕಿಗಳನ್ನು ಬಾಯಿಬಿಟ್ಟು ಓದಿದ ಮೇಲೆ ಅವರಿಗೆ ಅದು ಹೊಳೆದಿತ್ತು. ಇಡೀ ಸಭಾಂಗಣಕ್ಕೆ ಹೊಳೆದಿತ್ತು. ನಗು ಬಟ್ಟಲಿನಲ್ಲಿ ಮುಳುಗಿದ ಹಾಗೆ ಅಡಗಿತು. ಎಲ್ಲರೂ ಸೂಪನ್ನೇ ನೋಡತೊಡಗಿದರು. ಮೇಷ್ಟ್ರು ಮೆಲ್ಲಗೆ ಕೂತರು.

“ಹೌದು, ಒಂದೂ ಸರಿ ಇಲ್ಲ,” ಅಂದಳು ಎಲ್ಸ್ಪೆತ್. ಅವಳು ನನ್ನನ್ನೇ ನೋಡುತ್ತಿದ್ದಳು. “ಆದರೆ ಎಲ್ಲದರಲ್ಲೂ ಸರಿಯಾಗಿ ಒಂದೇ ಕಡಿಮೆ. ಒಂಬತ್ತರಲ್ಲೂ ಒಂದು, ಅರವತ್ತನಾಲ್ಕರಲ್ಲೂ ಒಂದು. ತಪ್ಪು ಎಣಿಸಿದವರು ಹೀಗೆ ತಪ್ಪೋದಿಲ್ಲ ಎರ್ಟಿ. ಪಾಚಿ ಒಳಗೆ ಮಲಗಿದ್ದ ಅಷ್ಟನ್ನೂ ಕಂಡುಹಿಡಿದವರು ನೀವು. ನಿಮಗೆ ಪೂರ್ತಿ ಲೆಕ್ಕ ಗೊತ್ತಿತ್ತು. ಅಲ್ವಾ?”

ನಾನು ಸೂಪಿನ ಬಟ್ಟಲನ್ನು ಬೆಂಚಿನ ಮೇಲಿಟ್ಟೆ.

“ಈ ಕಾಗದ ಎಡಿನ್‌ಬರೋ ಕಚೇರಿಗೆ ಹೋಗಬೇಕು. ಅಲ್ಲಿ ಕೇಳೇ ಕೇಳ್ತಾರೆ. ಎರಡರಲ್ಲಿ ಒಂದು ಮಾಡಿ. ಯಾಕೆ ಬಿಟ್ಟಿರಿ ಅಂತ ಹೇಳಿ, ನಾನು ಬರ್ಕೋತೀನಿ. ಇಲ್ಲಾ ಅಂದ್ರೆ ನಿಮ್ಮ ಕೈಯಾರೆ ಒಂದೊಂದು ಸೇರಿಸಿ ಪೂರ್ತಿ ಅಂಕಿ ಬರೆದು ಸಹಿ ಹಾಕಿ. ನಾಳೆಯಿಂದಲೇ ಕೆಲಸ ನಿಮ್ಮದು.” ಅವಳು ಪೆನ್ನು ಚಾಚಿದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ನನಗೆ ಕೊಡಬೇಕು ಅಂತಲೇ ಇತ್ತು.

ಪೆನ್ನು ಹಿಡಿದೆ. ಆರು ಅಂಕಿ. ಅರ್ಧ ನಿಮಿಷದ ಕೆಲಸ. ಕಿಟಕಿ ಇಲ್ಲದ ಶೆಡ್ಡು ಕಣ್ಣಿಗೆ ಕಟ್ಟಿತು, ಅದರ ಬಿಳಿ ದೀಪ, ಅದರ ರಬ್ಬರ್ ಬೂಟಿನ ವಾಸನೆ. ಆಮೇಲೆ ಒಂಟಿ ಕಾಲಲ್ಲಿ ವಾಲಿದ ಆ ಶಾಲ್ಡರ್.

ಸುತ್ತ ನೋಡಿದೆ. ಕಾರಣ ಇಲ್ಲಿರುವ ಎಲ್ಲರಿಗೂ ಗೊತ್ತಿತ್ತು. ಯಾರಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ ನನ್ನ ಬದುಕು ದಡ ಹತ್ತುತ್ತಿತ್ತು. ಗಿಬ್ಬಿ ತುಟಿ ಕಚ್ಚಿಕೊಂಡಿದ್ದ. ಬಾಯಿ ಮುಚ್ಚಿಕೊಂಡ ಗಿಬ್ಬಿಯನ್ನು ನಾನು ಮೊದಲ ಸಲ ನೋಡಿದ್ದು. ಮೇಷ್ಟ್ರು? ನನ್ನನ್ನು ಮುಗಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಅವರಿಗೆ ಸಿಗುತ್ತಿರಲಿಲ್ಲ. ಮೂಢನಂಬಿಕೆ ಮೇಡಂ, ಅಂತ ಎರಡು ಪದ ಸಾಕಿತ್ತು. ಅವರು ಚಮಚ ಹಿಡಿದು ಮೇಜನ್ನೇ ನೋಡುತ್ತಿದ್ದರು, ತುಟಿ ಬಿಚ್ಚಲಿಲ್ಲ. ಅಷ್ಟರಮಟ್ಟಿಗೆ ಆ ಮನುಷ್ಯನೂ ನಮ್ಮೂರವನೇ. ಅದನ್ನು ಒಪ್ಪಿಕೊಳ್ಳಬೇಕಾಗಿ ಬಂದದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಮೂಲೆಯಲ್ಲಿ ಅಜ್ಜಿಯ ಹೆಣಿಗೆ ಕಡ್ಡಿ ನಿಂತಿದ್ದವು. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಮಡಿಲಲ್ಲಿ ಅರ್ಧ ಹೆಣೆದ ಕೈಗವಸು ಇತ್ತು, ಐದು ಬೆರಳಿನದು, ನನ್ನ ಅಳತೆಯದು. ನಾಲ್ಕು ಬೆರಳು ಆಗಿತ್ತು.

ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟೆ. ಕೋಟು ತೆಗೆದುಕೊಂಡು ಬಾಗಿಲ ಕಡೆ ನಡೆದೆ. ಜನ ಕಾಲು ಮಡಿಚಿ ದಾರಿ ಬಿಟ್ಟರು. ಹಿಂದೆ ಕಡ್ಡಿಗಳು ಮತ್ತೆ ಚಿಕಿಚಿಕಿ ಅಂದವು.

“ಎರ್ಟಿ!” ಎಲ್ಸ್ಪೆತ್ ಕೂಗಿದಳು. ತಿರುಗಿ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಅವಳ ಕೈ ಇವತ್ತೂ ಖಾಲಿ ಇತ್ತು. ಅವಳು ಚಹಾ ಮೇಜನ್ನು ನೋಡುತ್ತಿದ್ದಳು, ಅಲ್ಲಿ ಏಪ್ರನ್ನಿನಲ್ಲಿ ಸುಟ್ಟ ಕೈ ಒರೆಸುತ್ತ ನಿಂತಿದ್ದ ಲೀಬಿಯನ್ನು, ಅವಳ ಹಿಂದೆ ಕಪಾಟಿನಲ್ಲಿ ಸಾಲುಸಾಲು ಮಗುಚಿಟ್ಟಿದ್ದ ಒಣಗಿದ ಕಪ್ಪುಗಳನ್ನು, ಆಮೇಲೆ ಒಬ್ಬೊಬ್ಬರ ಮುಂದಿನ ಕಪ್ಪನ್ನು. ತುಟಿ ಅಲ್ಲಾಡಿಸದೆ ನೋಡುತ್ತಿದ್ದಳು.

“ಎರ್ಟಿ,” ಅಂದಳು, ಈ ಸಲ ಮೆಲ್ಲಗೆ, “ಈ ಊರಲ್ಲಿ ಕಪ್ಪು ಯಾಕೆ ಯಾವಾಗಲೂ ಒಂದು ಕಡಿಮೆ?”

ಬಾಗಿಲು ತೆರೆದೆ. ಗಾಳಿ ಒಳಗೆ ನುಗ್ಗಿ ಗೋಡೆಯ ಹಾಳೆಯನ್ನು ಪಟಪಟ ಬಡಿಯಿತು. ಕೆಳಗೆ ದಂಡೆಯಲ್ಲಿ ಇಳಿತ ಶುರುವಾಗಿತ್ತು, ನಿದ್ದೆಬುರುಕಗಳು ಎದ್ದು ಒಟ್ಟಿಗೆ ಹಾರಿ, ಒಟ್ಟಿಗೆ ತಿರುಗಿ, ಬೆಳ್ಳಗೆ ಮಿಂಚಿ ಕೆಸರಿಗೆ ಇಳಿಯುತ್ತಿದ್ದವು. ಶಾಲ್ಡರ್‌ಗಳು ಎಂದಿನಂತೆ ಯಾರ ಮೇಲೋ ಕೂಗಾಡುತ್ತಿದ್ದವು. ನಾನು ಅತ್ತ ನಡೆದೆ.